ಕೀಲಿನ ಮೇಲೆ ಬೆರಳಿಟ್ಟು

ಸ್ಟೀರಿಂಗ್ ಭಾರವಾಗಿದೆ ಎಂದು ನನ್ನ ಹೆಂಡತಿ ಮೊದಲ ಸಲ ಹೇಳಿದಾಗ ನನಗೆ ಒಳಗೊಳಗೇ ಸಂತೋಷವಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಅವಳ ಜೀಪಿನ ಬಗ್ಗೆ ನಾನು ಪಡುತ್ತಿದ್ದ ನೂರೊಂದು ಆತಂಕಗಳಲ್ಲಿ ಕೊನೆಗೆ ಒಂದಕ್ಕಾದರೂ ಅವಳೇ ರುಜು ಹಾಕಿದಳಲ್ಲ ಎಂಬ ಸಂತೋಷ.

ನಾನು ಹುಟ್ಟಾ ಚಿಂತೆಗಾರ. ಅದರ ಮೇಲೆ ವಿಮಾ ಕಚೇರಿಯೊಂದರಲ್ಲಿ ಅಪಘಾತದ ಕಡತಗಳನ್ನು ಓದುವ ಕೆಲಸ. ಮರ ಬಿದ್ದದ್ದು, ಬ್ರೇಕು ಹಿಡಿಯದೆ ಹೋದದ್ದು, ನಿಂತ ಬಸ್ಸಿಗೆ ಹೋರಿ ಬಂದು ಗುದ್ದಿದ್ದು, ಹೀಗೆ ಲೋಕದಲ್ಲಿ ಏನೇನು ಆಗಬಹುದೋ ಅದೆಲ್ಲ ಮೂರು ಪ್ರತಿಗಳಲ್ಲಿ ನನ್ನ ಮೇಜಿಗೆ ಬರುತ್ತದೆ. ಕೃಷ್ಣಮೂರ್ತಿಪುರಂನ ನಮ್ಮ ಅಡ್ಡರಸ್ತೆಯ ತುದಿ ತಲುಪುವಷ್ಟರಲ್ಲಿ ಗ್ಯಾಸ್ ಆರಿಸಿದ್ದೇವೋ ಇಲ್ಲವೋ ಎಂದು ನೋಡಲು ನಾನು ಒಮ್ಮೆಯಾದರೂ ವಾಪಸು ಬರುತ್ತೇನೆ. ನಮಗೆ ಮಕ್ಕಳಾಗಲಿಲ್ಲ. ಆ ಬಗ್ಗೆ ಚಿಂತಿಸುವ ಕೆಲಸವನ್ನೂ ನಾನೇ ವಹಿಸಿಕೊಂಡಿದ್ದರಿಂದ ಅವಳಿಗೆ ಹಗುರವಾಯಿತು ಎಂದುಕೊಂಡಿದ್ದೆ. ಅವಳನ್ನು ಕೇಳಿರಲಿಲ್ಲ.

ಅವಳು ಕುವೆಂಪುನಗರದ ಶಾಲೆಯೊಂದರಲ್ಲಿ ಆಟದ ಟೀಚರ್. ಥ್ರೋಬಾಲ್ ಎಸೆದರೆ ಕಾಂಪೌಂಡಿನಾಚೆ ಬೀಳುತ್ತಿತ್ತು. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿಯಾದರೆ ನಮ್ಮ ಮನೆಯಲ್ಲಿ ಜಾಡಿ ನನ್ನ ಕೈಯಿಂದ ಅವಳ ಕೈಗೆ ಹೋಗುತ್ತಿತ್ತೇ ಹೊರತು ಅವಳಿಂದ ನನ್ನ ಕಡೆಗೆ ಬಂದದ್ದಿಲ್ಲ.

ಜೀಪು ಅವಳದು. ಸೇನೆಯ ಹರಾಜಿನಿಂದ ಹೊರಬಿದ್ದು ನಾಲ್ಕಾರು ಕೈ ದಾಟಿ ಬಂದ ಹಳೆಯ ಗಾಡಿ. ಐವತ್ತು ತುಂಬುವ ವರ್ಷ ಬೇರೆ ಹೆಂಗಸರು ಬಳೆ ಮಾಡಿಸಿಕೊಂಡರೆ ಇವಳು ಇದನ್ನು ತಂದು ಬಾಗಿಲಲ್ಲಿ ನಿಲ್ಲಿಸಿದಳು. ಅದರ ಹಿಂದೆ ಒಂದು ಆಸೆಯಿತ್ತು. ಅವಳ ಅಪ್ಪ ಸರ್ವೆ ಇಲಾಖೆಯಲ್ಲಿ ಜೀಪು ಓಡಿಸುತ್ತಿದ್ದವರು. ಇವಳಿಗೆ ಏಳು ವರ್ಷವಿದ್ದಾಗ ಒಂದು ಶನಿವಾರ ಕೆಲಸಕ್ಕೆ ಜೊತೆಯಲ್ಲೇ ಕರೆದುಕೊಂಡು ಹೋಗಿ, ಚಾಮರಾಜನಗರದ ಕಡೆಯ ಒಂದು ಬೋಳು ಕಲ್ಲುಗುಡ್ಡ ಹತ್ತಿಸುವಾಗ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಅವಳ ಕೈಗೆ ಕೊಟ್ಟಿದ್ದರಂತೆ. ನೆತ್ತಿಯಲ್ಲಿ ಸರ್ವೆಯವರು ನೆಟ್ಟ ಕಲ್ಲೊಂದಿತ್ತು. ಅದನ್ನು ಮುಟ್ಟಿಸಿ, ‘ನೀನೇ ಓಡಿಸ್ಕೊಂಡ್ ಬಂದ್ಬುಟ್ಟೆ ಕಣವ್ವ’ ಅಂದಿದ್ದರಂತೆ. ಗುಡ್ಡದ ನಿಜವಾದ ಹೆಸರು ಅವಳಿಗೆ ನೆನಪಿರಲಿಲ್ಲ. ನಮ್ಮ ಮನೆಯಲ್ಲಿ ಅದು ‘ಅಪ್ಪನ ಗುಡ್ಡ’.

“ಕಾಲು ಅಪ್ಪಂದು. ಕೈಯೂ ಅಪ್ಪಂದೇ ಇತ್ತೋ ಏನೋ, ಏಳು ವರ್ಷದ ಹುಡುಗಿಗೆ ಏನ್ ಗೊತ್ತಾಗತ್ತೆ? ಒಂದ್ಸಲ ನಾನೊಬ್ಳೇ ಹತ್ತಿಸ್ಬೇಕು ಕಣ್ರೀ. ಆ ಕಲ್ಲು ಮುಟ್ಟಿ ಬಂದ್ಬುಟ್ರೆ ಸಾಕು” ಅನ್ನುತ್ತಿದ್ದಳು.

ಮೊದಲ ಪ್ರಯತ್ನ ಕಾಲುಭಾಗ ದಾರಿಯಲ್ಲೇ ಮುಗಿಯಿತು. ಗುಡ್ಡದ ಬುಡದಿಂದ ಸ್ವಲ್ಪ ಮೇಲೆ ದಾರಿಗೆ ಅಡ್ಡಲಾಗಿ ಎಮ್ಮೆ ಮಲಗಿದಂಥ ಒಂದು ಬಂಡೆ. ಜೀಪಿನ ಹೊಟ್ಟೆ ಅದಕ್ಕೆ ತಾಗಿ ಕೂತುಬಿಟ್ಟಿತು. ಹಿಂದಕ್ಕೆ ಇಳಿಸಿಕೊಂಡು ಬಂದೆವು. ಅವಳು ದಾರಿಯುದ್ದಕ್ಕೂ ಬೈದುಕೊಂಡಳು, ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬಂಡೆಗೆ ಕೈ ಮುಗಿದೆ.

ಗಾಡಿ ಎತ್ತರಿಸಬೇಕು ಎಂದವರು ಮಂಡಕಳ್ಳಿಗೆ ಹೋಗುವ ದಾರಿಯಲ್ಲಿ ತಗಡಿನ ಶೆಡ್ಡು ಇಟ್ಟುಕೊಂಡಿದ್ದ ಮೆಕ್ಯಾನಿಕ್. ಅರವತ್ತು ದಾಟಿದ ಕ್ರೈಸ್ತರು, ಮಿತಭಾಷಿ. ಶೆಡ್ಡಿನ ಕಂಬದಲ್ಲಿ ಮೇರಿ ಮಾತೆಯ ಪಟ, ಪಕ್ಕದ ಮೊಳೆಗಳಲ್ಲಿ ಫ್ಯಾನ್ ಬೆಲ್ಟುಗಳು. ಸ್ಟೀರಿಂಗ್ ಅಥವಾ ಬ್ರೇಕಿನ ಕೆಲಸ ಮಾಡಿದ ಗಾಡಿಯನ್ನು ಹೊರಗೆ ಬಿಡುವ ಮುಂಚೆ, ಯಾರ ಗಾಡಿಯೇ ಇರಲಿ, ಬಾನೆಟ್ಟಿನ ಮೇಲೆ ಹೆಬ್ಬೆರಳಿನಿಂದ ಒಂದು ಶಿಲುಬೆ ಎಳೆಯುತ್ತಿದ್ದರು. ಎಂಜಿನ್ ಕೆಲಸಕ್ಕೆ ಏಕಿಲ್ಲ ಎಂದು ಕೇಳಿದ್ದೆ. “ಎಂಜಿನ್ ಕೆಟ್ರೆ ಗಾಡಿ ನಿಂತ್ಕೊಳತ್ತೆ ಅಷ್ಟೇ ಸಾರ್. ಅದಕ್ಕೆಲ್ಲ ದೇವರನ್ನ ಕರೆಯಕ್ಕಾಗತ್ತಾ?” ಅಂದಿದ್ದರು. ಅಂದಿನಿಂದ ಆ ಮನುಷ್ಯನ ಮೇಲೆ ನನಗೆ ನಂಬಿಕೆ ಬಂದಿತ್ತು.

ಯುಗಾದಿ ಕಳೆದ ಮೇಲೆ ಅವರು ಜೀಪಿಗೆ ಉದ್ದನೆಯ ಸ್ಪ್ರಿಂಗುಗಳನ್ನೂ ದೊಡ್ಡ ಟೈರುಗಳನ್ನೂ ಹಾಕಿ ಮೂರಿಂಚು ಮೇಲೆತ್ತಿದರು. ನಮ್ಮ ಅಡ್ಡರಸ್ತೆಯಲ್ಲಿ ನಿಂತಾಗ ಅದು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕೆಸರು ದಾಟಲು ಹೊರಟ ಹೆಂಗಸಿನ ಹಾಗೆ ಕಾಣುತ್ತಿತ್ತು. ಆದರೆ ನೇರ ಹೋಗುವುದನ್ನು ಮರೆತಿತ್ತು. ರಸ್ತೆಯುಬ್ಬು ಸಿಕ್ಕರೆ ಸ್ಟೀರಿಂಗ್ ತಾನಾಗಿಯೇ ಎಡಕ್ಕೊಮ್ಮೆ ಎಳೆದು, ಮನಸ್ಸು ಬದಲಾಯಿಸಿ ಬಲಕ್ಕೆ ಬರುತ್ತಿತ್ತು. ಮಂಡಕಳ್ಳಿಯಿಂದ ಮನೆಗೆ ಬರುವಷ್ಟರಲ್ಲಿ ನಾನು ಡ್ಯಾಶ್‌ಬೋರ್ಡಿನ ಹಿಡಿಕೆಯನ್ನು ಹಿಡಿದ ಹಿಡಿತಕ್ಕೆ ಅಂಗೈಯಲ್ಲಿ ಅದರ ಅಚ್ಚು ಬಿದ್ದಿತ್ತು.

ವಾಪಸು ಒಯ್ದಾಗ ಮೆಕ್ಯಾನಿಕ್ ಸಮಾಧಾನವಾಗಿ ತಿಳಿಸಿಕೊಟ್ಟರು. “ಮೈ ಮೇಲಕ್ಕೆ ಹೋಯ್ತು, ಕಾಲು ನೆಲದ ಮೇಲೇ ಉಳೀತು. ನೀವು ಸ್ಟೀರಿಂಗ್ ತಿರುಗಿಸಿದ್ದನ್ನ ಚಕ್ರಕ್ಕೆ ಮುಟ್ಟಿಸೋ ರಾಡ್ ಇದೆಯಲ್ಲ, ಅದು ಮಧ್ಯದಲ್ಲಿ ಓರೆ ಆಗ್ಬುಡ್ತು. ಗಾಡಿ ಕುಣಿದಾಗೆಲ್ಲ ಅದು ಚಕ್ರನ ಎಳೆಯತ್ತೆ. ಹೆದರ್ಕೋಬೇಡಿ. ಒಂದೊಂದಾಗಿ ಸರಿ ಮಾಡ್ಕೊಂಡು ಹೋಗೋಣ.”

‘ಒಂದೊಂದಾಗಿ’ ಎಂಬ ಮಾತನ್ನು ಅವರು ನನ್ನಂಥವನ ಮುಂದೆ ಆಡಬಾರದಿತ್ತು.

ಕೀಲುಗಳಲ್ಲಿ ಸಡಿಲ ಹುಡುಕಲು ಅವರದೊಂದು ಕ್ರಮವಿತ್ತು. ಅದಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಒಂದೊಂದು ಇಂಚು ಅಲುಗಿಸುತ್ತಲೇ ಇರಬೇಕು. ಇನ್ನೊಬ್ಬರು ಗಾಡಿಯ ಕೆಳಗೆ ಅಂಗಾತ ಮಲಗಿ ಪ್ರತಿ ಕೀಲಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ ಕಾಯಬೇಕು. ಕೀಲು ಸವೆದಿದ್ದರೆ ಬೆರಳಿಗೆ ಸಣ್ಣದಾಗಿ ‘ಟಕ್’ ಎನ್ನುತ್ತದೆ. “ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕತ್ತೆ ಸಾರ್. ಮಾಲೀಕರೇ ಮಾಡಿ ಕಲಿತ್ಕೊಂಡ್ರೆ ಒಳ್ಳೇದು” ಎಂದು ನನ್ನನ್ನೇ ಕೆಳಗೆ ಮಲಗಿಸಿದರು. ಮಾಲೀಕಳು ಮೇಲೆ ಕೂತಿದ್ದಾಳೆ ಎಂದು ನಾನು ಹೇಳಲಿಲ್ಲ.

ಈ ವಿದ್ಯೆ ನನಗೆ ಒಲಿದದ್ದು ನೋಡಿ ನನಗೇ ಆಶ್ಚರ್ಯ. ಜೀವಮಾನವಿಡೀ ಎಲ್ಲಿ ಏನು ಸಡಿಲವಾಗಿದೆಯೋ ಎಂದು ಹುಡುಕಿದವನಿಗೆ ದೇವರು ಕೊನೆಗೆ ಸರಿಯಾದ ಉದ್ಯೋಗ ಕೊಟ್ಟಿದ್ದ. ಭಾನುವಾರ ಬೆಳಗ್ಗೆ ಕಾಫಿಯಾದ ಮೇಲೆ, ಯಾರೋ ಮುಖಂಡರ ಹುಟ್ಟುಹಬ್ಬದ ಹಳೆಯ ಫ್ಲೆಕ್ಸೊಂದನ್ನು ಜೀಪಿನ ಕೆಳಗೆ ಹಾಸಿ, ಅವರ ಹಲ್ಲಿನ ಸಾಲಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಮೇಲೆ ಅವಳು.

“ಅಲುಗಿಸ್ತಾ ಇದೀಯೇನೇ?”

“ಆಗಿಂದ ಅಲುಗಿಸ್ತಾನೇ ಇದೀನಿ. ನೀವೇನು ಅಲ್ಲೇ ನಿದ್ದೆ ಹೊಡೀತಿದೀರಾ?”

“ಸುಮ್ನಿರೇ, ಕೇಳಿಸ್ಕೋತಿದೀನಿ.”

“ಡಾಕ್ಟ್ರು ನಾಡಿ ನೋಡ್ತಾವ್ರೆ, ಯಾರೂ ಮಾತಾಡ್ಬೇಡಿ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ನಗುತ್ತಿದ್ದಳು.

ಹೀಗೆ ಒಂದೊಂದಾಗಿ ಶುರುವಾಯಿತು. ಮೊದಲು ನಡುಕ ತಡೆಯುವ ಡ್ಯಾಂಪರ್ ಬಂತು. ಆಮೇಲೆ ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ತೆಳ್ಳಗಿನ ರಾಡು ಹೋಗಿ ನನ್ನ ಮುಂಗೈ ಗಾತ್ರದ್ದು ಬಂತು, ತುದಿಗಳಲ್ಲಿ ಹೊಸ ಕೀಲುಗಳು. ಕಂಬಿಯ ಬುಡದ ಸ್ಟೀರಿಂಗ್ ಬಾಕ್ಸಿನಿಂದ ಇಳಿಯುವ ತೋಳನ್ನು ಬದಲಿಸಿ ಉದ್ದನೆಯದು ಹಾಕಿದಾಗ ಓರೆಯಾಗಿದ್ದ ಆ ರಾಡು ಮತ್ತೆ ಮಟ್ಟಸವಾಯಿತು. ಆಷಾಢ ಮುಗಿಯುವ ಹೊತ್ತಿಗೆ ಜೀಪು ಉಬ್ಬು ಹಾರಿದರೂ ದಾರಿ ಬಿಡುತ್ತಿರಲಿಲ್ಲ. ಮೆಕ್ಯಾನಿಕ್ ಬಾನೆಟ್ಟಿನ ಮೇಲೆ ಶಿಲುಬೆ ಎಳೆದು, “ಗುಡ್ಡಕ್ಕೆ ಹೋಗ್ಬನ್ನಿ ಅಮ್ಮಾವ್ರೇ. ಇನ್ನು ನಿಮ್ಮ ಕೈ, ಗಾಡಿ ಪಾದ” ಅಂದರು.

ಆ ನಡುವೆ ಯಾವಾಗಲೋ ಅವಳು ಭಾರ ಎಂದದ್ದು. ದೊಡ್ಡ ಟೈರು ಹಾಕಿದರೆ ಸ್ಟೀರಿಂಗ್ ಭಾರವಾಗುವುದು ಸಹಜ ಎಂದು ಮೆಕ್ಯಾನಿಕ್ ಹೇಳಿದ್ದರು, ನಾನೂ ಮೊಬೈಲಿನಲ್ಲಿ ಎಲ್ಲೆಲ್ಲೋ ಓದಿ ಖಚಿತ ಮಾಡಿಕೊಂಡಿದ್ದೆ.

ಶ್ರಾವಣದ ಮೊದಲ ಭಾನುವಾರ ಹೊರಡುವುದೆಂದಾಯಿತು. ಅವಳು ಐದು ಗಂಟೆಗೇ ಎದ್ದು ಚಿತ್ರಾನ್ನ ಕಲಸಿ, ಬಾಟಲಿಗಳಿಗೆ ನೀರು ತುಂಬಿ, ಅಪ್ಪನ ಹಳೆಯ ಟವೆಲ್ಲೊಂದನ್ನು ಕೊರಳಿಗೆ ಸುತ್ತಿಕೊಂಡು ಗಾಡಿಯಲ್ಲಿ ಕೂತಿದ್ದಳು. ನಾನು, ಒಂದೇ ಒಂದು ಸಲ, ಕೊನೆಯದಾಗಿ ನೋಡಿಬಿಡುತ್ತೇನೆಂದು ಫ್ಲೆಕ್ಸು ಹಾಸಿದೆ.

“ಮುಹೂರ್ತದ ಹೊತ್ತಿಗೆ ಮದುಮಗ ಹಾಸಿಗೆ ಹಾಸ್ಕೊಂಡ” ಅಂದಳು. ಆದರೂ ಅಲುಗಿಸಿದಳು.

ಎಡಗಡೆಯ ಕೀಲಿನ ಮೇಲೆ ಬೆರಳಿಟ್ಟಿದ್ದೆ. ಏನೋ ಸರಿಯಿರಲಿಲ್ಲ. ಬಲಕ್ಕೆ ಬರುವಾಗ ತಳ್ಳು ಚೆನ್ನಾಗಿ ಬರುತ್ತಿತ್ತು. ಎಡಕ್ಕೆ ಹೋಗುವಾಗ ಅರ್ಧಕ್ಕೆ ಸೋತು, ತಡೆದು, ಮತ್ತೆ ಬರುತ್ತಿತ್ತು. ‘ಟಕ್’ ಇರಲಿಲ್ಲ. ಒಂದು ರೀತಿಯ ಹಿಂಜರಿಕೆ. “ಸರಿಯಾಗಿ ಅಲುಗಿಸೇ” ಅಂದೆ. “ಸರಿಯಾಗೇ ಅಲುಗಿಸ್ತಿದೀನಲ್ರೀ, ಭಾರ ಅದೆ” ಅಂದಳು. ಇನ್ನೊಮ್ಮೆ ಬೆರಳಿಟ್ಟೆ. ಮತ್ತೆ ಅದೇ.

ಹೊರಗೆ ಬಂದು, ಬಟ್ಟೆ ಕೊಡವಿಕೊಂಡು, ಅಪಘಾತದ ವರದಿ ಬರೆಯುವ ದನಿಯಲ್ಲಿ ಹೇಳಿದೆ: “ಎಲ್ಲೋ ಹಿಡೀತಿದೆ. ಬಾಕ್ಸಿನ ಒಳಗಿರಬೇಕು. ಈ ಸ್ಥಿತಿಯಲ್ಲಿ ಗುಡ್ಡ ಬೇಡ.”

ಅವಳು ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ಗೇಟಿನ ಕಡೆ ನೋಡುತ್ತಾ, “ಅಲ್ಲಿಗಂಟ ಹೋಗೋದು ಬ್ಯಾಡ, ಚಿತ್ರಾನ್ನನಾದ್ರೂ ಇಲ್ಲೇ ತಿನ್ನೋಣ ಬನ್ನಿ” ಅಂದಳು. ಗೇಟಿನ ಮುಂದೆ ನಿಂತ ಜೀಪಿನಲ್ಲಿ ಕೂತು ಇಬ್ಬರೂ ಚಿತ್ರಾನ್ನ ತಿಂದೆವು. ಅವಳು ಸ್ಟೀಲ್ ಡಬ್ಬಿಯನ್ನು ತೊಡೆಗೊತ್ತಿ ಬಲಗೈಯಲ್ಲಿ ಮುಚ್ಚಳ ತೆಗೆದದ್ದನ್ನು ನಾನು ನೋಡಿದ್ದೆ. ಕಡಲೇಬೀಜ ಸೀದಿದೆಯೇನೋ ಎಂದು ಯೋಚಿಸುತ್ತಿದ್ದೆ.

ಆ ಭಾನುವಾರವೊಂದನ್ನು ನನಗೆ ಯಾರಾದರೂ ವಾಪಸು ಕೊಡುವುದಾದರೆ ಉಳಿದದ್ದೆಲ್ಲ ಅವರೇ ಇಟ್ಟುಕೊಳ್ಳಲಿ.

ಮೆಕ್ಯಾನಿಕ್ ಮನೆಗೇ ಬಂದು ಸ್ಟೀರಿಂಗ್ ಬಾಕ್ಸ್ ಬಿಚ್ಚಿದರು. ಒಳಗೆ ಏನೂ ಇರಲಿಲ್ಲ. ಆದರೆ ಬಿಚ್ಚಿದ ಮೇಲೆ ಹಳೆಯದನ್ನೇ ಹಾಕುವ ಬದಲು ಪವರ್ ಸ್ಟೀರಿಂಗೇ ಹಾಕಿಬಿಡೋಣ, ಭಾರದ ಗೊಡವೆಯೇ ಬೇಡ ಎಂದೆ. ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಬಾಕ್ಸು, ಅದಕ್ಕೊಂದು ಪಂಪು, ಪಂಪಿಗೊಂದು ಬೆಲ್ಟು. ನಮ್ಮ ಗಾಡಿಗೆ ಹೊಂದುವ ಬಾಕ್ಸು ಹುಡುಕುವುದರಲ್ಲಿ ಎರಡು ತಿಂಗಳು ಹೋಯಿತು. ಜೀಪನ್ನು ಮನೆಯ ಮುಂದೆಯೇ ಮುಂಗಾಲು ಎತ್ತಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ್ದೆವು.

ಆಯುಧಪೂಜೆಯ ದಿನ ಬಂತು. ಅವತ್ತು ನಮ್ಮೂರಲ್ಲಿ ಸೈಕಲ್ಲಿಗೂ ಕುಂಬಳಕಾಯಿ ಒಡೆಯುತ್ತಾರೆ. ಅವಳು ಜೀಪು ತೊಳೆದಳು, ಬಾಳೆಕಂದು ಕಟ್ಟಿಸಿದಳು, ಸೇವಂತಿಗೆ ಹಾರ ಹಾಕಿದಳು. ನಾಲ್ಕು ನಿಂಬೆಹಣ್ಣು ತಂದು ನಾಲ್ಕು ಚಕ್ರದ ಮುಂದಿಟ್ಟಳು. ಗಾಡಿ ಅವುಗಳ ಮೇಲೆ ಹತ್ತಿ ಇಳಿಯಬೇಕು, ಅದು ಪದ್ಧತಿ. ನಮ್ಮ ಗಾಡಿಯ ಮುಂದಿನ ಚಕ್ರಗಳು ನೆಲದಿಂದ ಒಂದು ಗೇಣು ಮೇಲೆ ತೂಗುತ್ತಿದ್ದವು. ಸ್ಟೀರಿಂಗ್ ಇರಬೇಕಾದಲ್ಲಿ ಒಂದು ಕಂಬಿ ಮಾತ್ರ ಎದ್ದು ನಿಂತಿತ್ತು. ಬೀದಿಯಲ್ಲಿ ಎಲ್ಲ ಸ್ಕೂಟರುಗಳೂ ಕಾರುಗಳೂ ನಿಂಬೆಹಣ್ಣು ಪಚಕ್ಕೆನಿಸಿ ಮುಂದೆ ಹೋದವು. ಅವಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚಪ್ಪಲಿ ಹಾಕಿಕೊಂಡು ಬಂದು, ಜೀಪಿನ ಸುತ್ತ ಸುತ್ತಿ, ನಾಲ್ಕೂ ನಿಂಬೆಹಣ್ಣನ್ನು ತಾನೇ ಒಂದೊಂದಾಗಿ ತುಳಿದಳು.

“ಈ ವರ್ಷ ಗಾಡಿ ನಾನೇ” ಅಂದಳು. ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ.

ದೀಪಾವಳಿ ಕಳೆದು ಜೀಪನ್ನು ಶೆಡ್ಡಿಗೆ ಎಳೆಸಿಕೊಂಡು ಹೋದೆವು, ಪವರ್ ಸ್ಟೀರಿಂಗ್ ಕೂತಿತು. ಮೆಕ್ಯಾನಿಕ್ ಕಿರುಬೆರಳೊಂದನ್ನು ಸ್ಟೀರಿಂಗಿಗೆ ಸಿಕ್ಕಿಸಿ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ ತೋರಿಸಿದರು. ನಾನು ಮಂಡಕಳ್ಳಿ ರಸ್ತೆಯಲ್ಲಿ ಹೋಗಿ ಬಂದೆ. ಬೆಣ್ಣೆಯಲ್ಲಿ ಚಾಕು. “ನೇರ ರಸ್ತೇಲಿ ಕೈ ಬಿಟ್ರೂ ನೆಟ್ಟಗೆ ಹೋಗತ್ತೆ ಸಾರ್, ನೋಡಿದ್ರಾ?” ಎಂದು ಕೇಳಿದರು. ನೋಡಿರಲಿಲ್ಲ. ಕೈ ಬಿಡುವ ಜಾತಿ ನನ್ನದಲ್ಲ.

ಆಮೇಲೆ ಅವಳು ಕೂತಳು. ಎರಡೂ ಕೈಯಲ್ಲಿ ಹಿಡಿದು, ಭುಜದಿಂದ ಎಳೆದಂತೆ ಮಾಡಿ, ಒಂದು ಸುತ್ತು ಹೊಡೆದು ಬಂದಳು. “ಎಷ್ಟೋ ವಾಸಿ” ಅಂದಳು. ಸ್ವಲ್ಪ ತಡೆದು, “ಈಗ್ಲೂ ಒಂಚೂರು ಭಾರಾನೇ” ಅಂದಳು.

 ಅವಳು ಶೆಡ್ಡಿನಾಚೆ ಕೈ ತೊಳೆಯಲು ಹೋದಾಗ ಮೆಕ್ಯಾನಿಕ್ ನನ್ನ ಹತ್ತಿರ ಬಂದು, ಬಟ್ಟೆಯಲ್ಲಿ ಗ್ರೀಸ್ ಒರೆಸಿಕೊಳ್ಳುತ್ತಾ ನೆಲ ನೋಡಿಕೊಂಡು ಅಂದರು: “ಸ್ಟೀರಿಂಗಲ್ಲಿ ಇನ್ನು ನಂದೇನೂ ಕೆಲಸ ಇಲ್ಲ ಸಾರ್. ಅಮ್ಮಾವ್ರ ಕೈ ಒಂದ್ಸಲ ಯಾರಿಗಾದ್ರೂ ತೋರಿಸಿ.”

ನನಗೆ ಕೋಪ ಬಂತು. ಕೆಲಸದಲ್ಲಿ ಕೊರತೆಯಿಟ್ಟು ತಪ್ಪನ್ನು ಓಡಿಸುವವರ ಮೇಲೆ ಹಾಕುವ ಮೆಕ್ಯಾನಿಕ್ಕುಗಳ ವಿಷಯ ನನ್ನ ಕಡತಗಳಲ್ಲಿ ಬೇಕಾದಷ್ಟಿತ್ತು. ಮನೆಗೆ ಬಂದು ಪವರ್ ಸ್ಟೀರಿಂಗಿನ ಎಣ್ಣೆಯಲ್ಲಿ ಗಾಳಿ ಸೇರಿಕೊಂಡರೆ ಏನೇನಾಗುತ್ತದೆ ಎಂದು ಓದಲು ಕೂತೆ. ಬೋಲ್ಟಿನಿಂದ ಬೆಲ್ಟಿನವರೆಗೆ ಎಲ್ಲದರ ಬಗ್ಗೆಯೂ ಹೆದರಿದವನು, ಒಬ್ಬರು ಕೈ ಹಿಡಿದು ತೋರಿಸಿದ ಕಡೆ ಮಾತ್ರ ಹೆದರಲಿಲ್ಲ.

ಸಂಕ್ರಾಂತಿಯ ಬೆಳಗ್ಗೆ ಎಳ್ಳುಬೆಲ್ಲ ತುಂಬಿದ ಡಬ್ಬಿಯನ್ನು ಅವಳು ನನ್ನ ಕೈಗೆ ಕೊಟ್ಟಳು. “ಇದ್ರ ಮುಚ್ಚಳ ಒಂಚೂರು ತೆಗೆದುಕೊಡ್ರೀ.”

ತೆಗೆದೆ. ಸುಲಭವಾಗಿ ಬಂತು. ಮುಚ್ಚಳ ನನ್ನ ಕೈಯಲ್ಲಿತ್ತು, ಅವಳು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಷ್ಟು ಹಿಂದಿನಿಂದ ಗೊತ್ತಿತ್ತೋ ನನಗೆ ತಿಳಿಯದು. ನನಗೆ ಗೊತ್ತಾದದ್ದು ಆಗ.

ಕುವೆಂಪುನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರು ತಮ್ಮ ಎರಡು ಬೆರಳನ್ನು ಅವಳ ಕೈಗಿಟ್ಟು ಜೋರಾಗಿ ಹಿಚುಕಲು ಹೇಳಿದರು. ಎಡಗೈಯಲ್ಲಿ ಹಿಚುಕಿದಳು. ಅವರು, “ಹೂಂ, ಹಿಚುಕಿ” ಅಂದರು. “ಹಿಚುಕ್ತಾ ಇದೀನಲ್ಲ” ಅಂದಳು.

“ಎಷ್ಟು ದಿನದಿಂದ ಹೀಗೆ?”

“ಜೀಪು ಎತ್ತರಿಸಿದ್ ಮೇಲಿಂದ ಡಾಕ್ಟ್ರೇ.”

ಅವರಿಗೆ ಅರ್ಥವಾಗಲಿಲ್ಲ. ನನಗಾಯಿತು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ವಯರು ಅಂಟಿಸಿ ನೋಡಿ ಕಾಯಿಲೆಗೆ ಹೆಸರು ಕೊಟ್ಟರು. ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಸಾಯುತ್ತಾ ಬರುವ ಕಾಯಿಲೆ. ನಿಲ್ಲಿಸುವ ಮದ್ದಿಲ್ಲ. ಇವಳಲ್ಲಿ ಅದು ಬೇಗ ಬೇಗ ಹೆಜ್ಜೆ ಹಾಕುತ್ತಿದೆ ಎಂದರು. ನಾನು ಕೇಳಬೇಕಾದ್ದನ್ನು ಕೇಳಿದೆ. “ಆರು ತಿಂಗಳು ಮುಂಚೆ ಬಂದಿದ್ದರೆ?”

“ಕಾಯಿಲೆಗೆ ಏನೂ ವ್ಯತ್ಯಾಸ ಆಗ್ತಿರಲಿಲ್ಲ. ಆ ಕೊರಗು ಇಟ್ಕೋಬೇಡಿ” ಎಂದರು ಡಾಕ್ಟರು. ಒಳ್ಳೆಯ ಮನುಷ್ಯ.

ವಾಪಸು ಬರುವಾಗ ರೈಲು ಮಂಡ್ಯ ದಾಟಿತು. ಆಮೇಲೆ ಅವಳು ಕಿಟಕಿಯಾಚೆ ನೋಡುತ್ತಲೇ ಅಂದಳು: “ಕಾಯಿಲೆಗೆ ಆಗ್ತಿರ್ಲಿಲ್ಲ. ಗುಡ್ಡಕ್ಕೆ ಆಗ್ತಿತ್ತು.”

ಅಷ್ಟೇ. ಆ ಮಾತನ್ನು ಮತ್ತೆಂದೂ ಆಡಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಎಡಗೈ ಪೂರ್ತಿ ಹೋಗಿತ್ತು. ಬಲಗೈಯಲ್ಲಿ ಲೋಟ ನಿಲ್ಲುತ್ತಿತ್ತು, ತುಂಬಿದ ಲೋಟ ನಿಲ್ಲುತ್ತಿರಲಿಲ್ಲ. ಒಂದು ಬೆಳಗ್ಗೆ ನಾನು ಅವಳ ಜಡೆ ಹಾಕುತ್ತಿದ್ದೆ. ಆ ಒಂದೆರಡು ತಿಂಗಳಲ್ಲಿ ಕಲಿತ ವಿದ್ಯೆ, ಆಗಲೂ ಸೊಟ್ಟಗೇ ಬರುತ್ತಿತ್ತು. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ, “ಭಾನುವಾರ ಹೋಗೋಣ” ಅಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

“ನೀನು ಹೇಗೆ…”

“ಕಾಲು ನಿಮ್ದು, ಕೈ ನಂದು. ಅಪ್ಪ ಮಾಡ್ಲಿಲ್ವಾ?”

ಜೀವಮಾನವಿಡೀ ಸ್ಕೂಟರು ಓಡಿಸಿ, ಜೀಪನ್ನು ನೇರ ರಸ್ತೆಯಲ್ಲಷ್ಟೇ ಹಿಡಿದಿದ್ದ ನಾನು ಮೂರು ದಿನ ಮಂಡಕಳ್ಳಿಯ ಶೆಡ್ಡಿನ ಹಿಂದಿನ ಮಣ್ಣುದಿಬ್ಬದ ಮೇಲೆ ಜೀಪು ಹತ್ತಿಸಿ ಇಳಿಸಿ ಅಭ್ಯಾಸ ಮಾಡಿದೆ. ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು, ತೀರಾ ಸಣ್ಣ ಗೇರಿನಲ್ಲಿ ಇರುವೆಯ ಹಾಗೆ ಹೋಗುವುದನ್ನು ಮೆಕ್ಯಾನಿಕ್ ಕಲಿಸಿದರು. ಕೋಪ ಮಾಡಿಕೊಂಡದ್ದಕ್ಕೆ ನಾನು ಕ್ಷಮೆ ಕೇಳಲು ಹೋದೆ. ಅವರು ಕೇಳಿಸಿಕೊಳ್ಳದವರಂತೆ, “ಕ್ಲಚ್ ಮೇಲೆ ಕಾಲಿಟ್ಕೋಬೇಡಿ ಸಾರ್” ಅಂದರು. ಹೊರಡುವಾಗ ಬಾನೆಟ್ಟಿನ ಮೇಲೆ ಶಿಲುಬೆ ಎಳೆದರು. ಆ ದಿನ ಅವರು ಸ್ಟೀರಿಂಗನ್ನೂ ಬ್ರೇಕನ್ನೂ ಮುಟ್ಟಿರಲಿಲ್ಲ.

ಭಾನುವಾರ ಬೆಳಗ್ಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಸ್ಟೂಲನ್ನು ಜೀಪಿನ ಪಕ್ಕಕ್ಕಿಟ್ಟು, ಸೊಂಟ ಹಿಡಿದು ಅವಳನ್ನು ಮೇಲೆ ಹತ್ತಿಸಿದೆ. ಬಂಡೆ ದಾಟಲೆಂದು ಎತ್ತರಿಸಿದ ಮೂರಿಂಚು ಈಗ ಅವಳಿಗೆ ಅಡ್ಡ ಬಂದಿತ್ತು. “ಮೂಟೆ ಹತ್ತಿಸೋ ಹಮಾಲಿ ಆಗ್ಬುಟ್ರಲ್ಲ” ಎಂದು ನಕ್ಕಳು. ಅಪ್ಪನ ಟವೆಲ್ಲನ್ನು ಕೊರಳಿಗೆ ನಾನೇ ಸುತ್ತಿದೆ.

ಗುಡ್ಡದ ಬುಡದವರೆಗೆ ನಾನೇ ಓಡಿಸಿದೆ. ಅಲ್ಲಿ ನಿಲ್ಲಿಸಿ, ಸಣ್ಣ ಗೇರಿಗೆ ಹಾಕಿ, ಅವಳ ಬಲಗೈಯನ್ನು ಎತ್ತಿ ಸ್ಟೀರಿಂಗಿನ ಮೇಲಿಟ್ಟೆ. ಎಡಗಡೆಯ ಸೀಟಿನಿಂದ ಕೈ ಚಾಚಿ ಹಿಡಿಯಬೇಕಾಗಿತ್ತು. ಬೆರಳು ಮಡಿಸಲು ಆಗುತ್ತಿರಲಿಲ್ಲ. ಅಂಗೈಯನ್ನೇ ಒತ್ತಿ ತಿರುಗಿಸಿದಳು. ತಿರುಗಿತು. ಅಂಥ ಎರಡು ಟೈರುಗಳು ಅಂಥ ಒಂದು ಅಂಗೈಯ ಮಾತು ಕೇಳಿದವು. ಒಂದೊಂದಾಗಿ ಮಾಡಿಸಿದ ಆ ಕೆಲಸವೆಲ್ಲ ಸಾರ್ಥಕವಾದದ್ದಿದ್ದರೆ ಆ ಅರ್ಧ ಗಂಟೆ ಮಾತ್ರ.

ಎಮ್ಮೆ ಮಲಗಿದಂಥ ಬಂಡೆ ಬಂತು. “ಸ್ವಲ್ಪ ನಿಲ್ಸಿ” ಅಂದಳು. ನೋಡಿದಳು, ಬಲಕ್ಕೆ ಒತ್ತಿದಳು. “ಹೂಂ, ಈಗ ಬುಡಿ.” ಬಿಟ್ಟೆ. ಹೊಟ್ಟೆ ತಾಗಲಿಲ್ಲ. ಅವಳು ಗೆದ್ದ ತಂಡದ ಹುಡುಗಿಯ ಹಾಗೆ ಕೂಗಿದಳು. ಕೂಗು ಮುಗಿಯುವಷ್ಟರಲ್ಲಿ ಉಸಿರಿಗೆ ತಡಕಾಡಿದಳು.

ನಾನು ಇಲ್ಲಿಯವರೆಗೆ ಹೇಳದೆ ಇಟ್ಟ ವಿಷಯವೊಂದಿದೆ. ಹತ್ತಲು ಶುರುಮಾಡಿದಾಗಿನಿಂದ ಸ್ಟೀರಿಂಗಿನ ತಳಭಾಗದಲ್ಲಿ, ತೊಡೆಯ ಹತ್ತಿರ, ನನ್ನ ಬಲಗೈಯ ಎರಡು ಬೆರಳು ಇದ್ದವು. ಅವಳ ಕೈ ಜಾರಿದರೆ ಎಂದು. ಎಡಗಡೆ ಇಳಿಜಾರಿತ್ತು.

ನೆತ್ತಿಗೆ ಇನ್ನೊಂದು ತಿರುವು ಉಳಿದಿತ್ತು. ಆಚೆಗೆ ದಾರಿ ಅಗಲವಾಗಿ ಸಮತಟ್ಟಾಗುತ್ತದೆ, ಸರ್ವೆ ಕಲ್ಲಿನವರೆಗೆ ಒಂದು ಮೈದಾನದಷ್ಟು ಬಯಲು. ತಿರುವು ದಾಟಿದ ಮೇಲೆ ಅವಳು ಅಂದಳು:

“ಇನ್ನೇನೂ ಆಗಲ್ಲ. ಬುಟ್ಬುಡ್ರೀ ಕೈ.”

“ಬಿಟ್ಟೆ” ಅಂದೆ.

ಬಿಡಲಿಲ್ಲ. ಎರಡಿದ್ದದ್ದು ಒಂದಾಯಿತು. ಆ ಒಂದನ್ನು ತೆಗೆಯಲು ನನ್ನಿಂದ ಆಗಲಿಲ್ಲ. ಬಯಲಿತ್ತು, ನಡಿಗೆಯ ವೇಗವಿತ್ತು, ಕೈ ಬಿಟ್ಟರೂ ನೆಟ್ಟಗೆ ಹೋಗುವ ಸ್ಟೀರಿಂಗಿತ್ತು, ಅವಳಿದ್ದಳು. ಆದರೂ ಆಗಲಿಲ್ಲ. ಅವಳು ಒಂದು ಸಲ ಕೆಳಗೆ ನೋಡಿದ್ದರೆ ನನ್ನ ಬೆರಳು ಕಾಣುತ್ತಿತ್ತು. ಅವಳು ನೋಡಲಿಲ್ಲ. ಕಲ್ಲು ಬರುವವರೆಗೂ ನೇರ ಮುಂದಕ್ಕೇ ನೋಡಿಕೊಂಡಿದ್ದಳು.

ಕಲ್ಲು ಅಲ್ಲೇ ಇತ್ತು, ಮೊಣಕಾಲುದ್ದ, ತಲೆಯ ಮೇಲೆ ಯಾರೋ ಹಚ್ಚಿದ ಕುಂಕುಮ. ಇಳಿಸಿ ಕರೆದೊಯ್ದೆ. ಕೈಯನ್ನು ನಾನೇ ಎತ್ತಿ ಕಲ್ಲಿನ ಮೇಲಿಟ್ಟೆ. ಬಿಸಿಲಿಗೆ ಕಾದಿತ್ತು. “ನೀನೇ ಓಡಿಸ್ಕೊಂಡ್ ಬಂದೆ” ಅಂದೆ. ಅವಳು ನನ್ನ ಮುಖ ನೋಡಿ, “ಅಪ್ಪಾನೂ ಹಿಂಗೇ ಅಂದಿದ್ರು” ಅಂದಳು. ಚಿತ್ರಾನ್ನ ತಿನ್ನಿಸಿದೆ. ಈ ಸಲ ನಾನು ಕಲಸಿದ್ದು, ಕಡಲೇಬೀಜ ನಿಜವಾಗಿಯೂ ಸೀದಿತ್ತು.

ಆಷಾಢದಲ್ಲಿ ಅವಳು ಹೋದಳು.

ಜೀಪು ಮಾರಲಿಲ್ಲ. ತಿಂಗಳುಗಟ್ಟಲೆ ನಿಂತು ಟೈರು ಇಳಿದಿದ್ದವು. ಮೊನ್ನೆ ಗಾಳಿ ತುಂಬಿಸಿ, ಒಮ್ಮೆ ನೋಡಿಕೊಡಿ ಎಂದು ಮಂಡಕಳ್ಳಿಗೆ ಒಯ್ದೆ. ಮೆಕ್ಯಾನಿಕ್ ಬಾನೆಟ್ಟಿನ ಮೇಲೆ ಕೈಯಾಡಿಸಿ, “ಕೀಲುಗಳನ್ನ ಒಂದ್ಸಲ ನೋಡ್ಬಿಡೋಣ. ನೀವೇ ಮಲಗ್ತೀರಾ ಸಾರ್?” ಎಂದು ಕೇಳಿ, ತಾವು ಮೇಲೆ ಹತ್ತಿ ಕೂತರು.

ಅಂಗಾತ ಮಲಗಿ, ಎಡಗಡೆಯ ಕೀಲಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದೆ. ಅವರು ಅಲುಗಿಸಿದರು. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ. ಎರಡು ಕಡೆಗೂ ಒಂದೇ ಸಮನಾದ, ಗಟ್ಟಿಯಾದ ತಳ್ಳು. ಎಲ್ಲೂ ಸೋಲಲಿಲ್ಲ, ಎಲ್ಲೂ ತಡೆಯಲಿಲ್ಲ. ಆರೋಗ್ಯವಾಗಿರುವ ಕೈಯೊಂದು ಅಲುಗಿಸಿದರೆ ಕೀಲು ಹೇಗಿರುತ್ತದೆ ಎಂದು ನನ್ನ ಬೆರಳಿಗೆ ಮತ್ತೆ ನೆನಪಾಯಿತು.

“ಏನಾದ್ರೂ ಸಿಕ್ತಾ ಸಾರ್?”

“ಸ್ವಲ್ಪ ಮೆತ್ತಗೆ ಅಲುಗಿಸಿ” ಅಂದೆ.

ಅವರು ಮೆತ್ತಗೆ ಅಲುಗಿಸಿದರು.

“ಇನ್ನೂ ಮೆತ್ತಗೆ.”

ಮೇಲಿನಿಂದ ಒಂದು ಕ್ಷಣ ಏನೂ ಬರಲಿಲ್ಲ. ಆಮೇಲೆ ಬಲಕ್ಕೊಂದು ಸಣ್ಣ ತಳ್ಳು. ಎಡಕ್ಕೆ ಬರುವಾಗ ಅರ್ಧಕ್ಕೆ ನಿಂತು, ತಡೆದು, ಮತ್ತೆ ಬಂತು.

ನಾನು ಬೆರಳು ತೆಗೆಯಲಿಲ್ಲ.